ಗೆರೆ ಅಳಿಸಿದರು, ಮುಖ ಉಳಿಸಿದರು: ‘ರೋಮನ್ ಹಾಲಿಡೇ’ 4ಕೆ ಡಿಸ್ಕ್

ಹಳೇ ಸಿನಿಮಾ ರಿಪೇರಿ ಮಾಡುವವರಲ್ಲಿ ಎರಡು ಜಾತಿ. ಒಬ್ಬರು ಅಂಗಳದ ಕಸ ಗುಡಿಸುತ್ತಾರೆ. ಇನ್ನೊಬ್ಬರು ಕಸದ ಜೊತೆ ರಂಗೋಲಿಯನ್ನೂ ಗುಡಿಸಿ, ‘ನೋಡ್ರಿ ಎಷ್ಟು ಸ್ವಚ್ಛ ಆತು’ ಅಂತ ನಿಂತುಬಿಡುತ್ತಾರೆ. ಹಾಲಿವುಡ್ಡಿನ ಪ್ಯಾರಾಮೌಂಟ್ ಕಂಪನಿಯವರು 2023ರಲ್ಲಿ, ಚಿತ್ರಕ್ಕೆ 70 ವರ್ಷ ತುಂಬಿದಾಗ, ಹೊರತಂದ ‘ರೋಮನ್ ಹಾಲಿಡೇ’ಯ 4ಕೆ ಡಿಸ್ಕ್ (ಡಿವಿಡಿಯ ಹಾಗೇ, ಆದರೆ ಚಿತ್ರ ಅದಕ್ಕಿಂತ ಬಹಳ ಸೂಕ್ಷ್ಮ) ಮೊದಲನೇ ಜಾತಿಯವರ ಕೆಲಸ. ದುಡ್ಡು ಕೊಟ್ಟು ತರಿಸಿಕೊಳ್ಳುವಂಥದ್ದು. ಹಾಗಂತ ಎಲ್ಲರೂ ತರಿಸಿಕೊಳ್ಳಬೇಕಾಗಿಲ್ಲ, ಅದಕ್ಕೆ ಕೊನೆಗೆ ಬರುತ್ತೇನೆ.

ಇದನ್ನು ಹೇಳಲಿಕ್ಕೆ ನೀವು ಯಾರು ಅಂತ ಕೇಳಿದರೆ, ನಾನು ಸಿನಿಮಾ ಪಂಡಿತೆ ಅಲ್ಲ. ಹುಬ್ಬಳ್ಳಿಯ ಬ್ರಾಡ್‌ವೇದಲ್ಲಿ ನಮ್ಮ ಮಾವನವರದು ಫೋಟೋ ಸ್ಟುಡಿಯೋ ಇತ್ತು. ಮದುವೆಯಾಗಿ ಬಂದ ಮೇಲೆ ಅಲ್ಲಿ ಟಚಿಂಗ್ ಕೆಲಸ ನನ್ನ ಪಾಲಿಗೆ ಬಂತು. ಈಗಿನ ಹುಡುಗರು ಫೋನಿನಲ್ಲಿ ಬೆರಳಾಡಿಸಿ ಮಾಡುವುದನ್ನು ನಾವು ನೆಗೆಟಿವ್ ಮೇಲೆ ಪೆನ್ಸಿಲ್ ಹಿಡಿದು ಮಾಡುತ್ತಿದ್ದೆವು. ಓರೆಯಾದ ಮರದ ಡೆಸ್ಕು, ನಡುವೆ ಮಸುಕು ಗಾಜು, ಕೆಳಗೊಂದು ಕನ್ನಡಿ. ಕಿಟಕಿಯ ಬೆಳಕು ಕನ್ನಡಿಗೆ ಬಿದ್ದು ಕೆಳಗಿನಿಂದ ನೆಗೆಟಿವ್ ಬೆಳಗುತ್ತಿತ್ತು. ಪೆನ್ಸಿಲಿನ ಸೀಸವನ್ನು ಉಪ್ಪುಕಾಗದದ ಮೇಲೆ ತಿಕ್ಕಿ ತಿಕ್ಕಿ ಸೂಜಿಯಷ್ಟು ಚೂಪು ಮಾಡಬೇಕು. ನೆಗೆಟಿವ್ ಮೇಲೆ ಸೀಸ ಹಿಡಿಯಲಿ ಅಂತ ರಾಳದ ವಾಸನೆಯ ಒಂದು ದ್ರವ ಸವರಬೇಕು. ಮುಖದ ಸುಕ್ಕು ಅಂದರೆ ನೆರಳು. ನೆಗೆಟಿವ್‌ನಲ್ಲಿ ನೆರಳಿದ್ದ ಕಡೆ ಫಿಲ್ಮು ತೆಳ್ಳಗಿರುತ್ತದೆ, ಬೆಳಕು ಹೆಚ್ಚು ಹಾಯುತ್ತದೆ. ಅಲ್ಲಿ ಪೆನ್ಸಿಲಿನಿಂದ ಸಣ್ಣ ಸಣ್ಣ ಚುಕ್ಕಿ ಇಟ್ಟರೆ ಪ್ರಿಂಟಿನಲ್ಲಿ ಸುಕ್ಕು ತಿಳಿಯಾಗುತ್ತದೆ. ಗೆರೆ ಎಳೆಯುವಂತಿಲ್ಲ, ಚುಕ್ಕಿಯೇ ಇಡಬೇಕು. ಗೆರೆ ಎಳೆದರೆ ದೊಡ್ಡ ಸೈಜಿಗೆ ಎನ್‌ಲಾರ್ಜ್ ಮಾಡಿದಾಗ ಕಳ್ಳತನ ಸಿಕ್ಕಿಬೀಳುತ್ತದೆ.

ಗಿರಾಕಿಗಳಿಗೆ ಎಷ್ಟು ಮಾಡಿದರೂ ಸಾಲುತ್ತಿರಲಿಲ್ಲ. ‘ಅಕ್ಕಾರ, ಇನ್ನೊಂದಿಷ್ಟು ಬೆಳ್ಳಗ ಮಾಡ್ರಿ’, ‘ಈ ಮಚ್ಚಿ ತಗದುಬಿಡ್ರಿ, ವರನ ಕಡ್ಯಾವ್ರಿಗೆ ತೋರಸೂದೈತಿ.’ ಮಾವನವರು ಮಾತ್ರ ಹಿಂದೆ ನಿಂತು ಗದರುತ್ತಿದ್ದರು: ‘ಗೆರಿ ತಿಳಿ ಮಾಡವಾ, ಪೂರಾ ತಗೀಬ್ಯಾಡ. ಗೆರಿ ಹೋದ್ರ ಅವರವ್ವನ ಹೋದಂಗ.’ ತೀರಿಹೋದ ತಾಯಂದಿರ ಫೋಟೋ ದೊಡ್ಡದು ಮಾಡಿಸಲಿಕ್ಕೆ ಬರುವವರೇ ಹೆಚ್ಚಿದ್ದ ಕಾಲ ಅದು. ನವಲಗುಂದ, ಕುಂದಗೋಳ, ಶಿಗ್ಗಾವಿ ಕಡೆಯಿಂದ ರೇಷನ್ ಕಾರ್ಡಿನ ಗುಂಪು ಫೋಟೋ ಹಿಡಿದು ಬರುತ್ತಿದ್ದರು. ಅಂಗುಷ್ಠದಷ್ಟು ಮುಖವನ್ನು ಗೋಡೆಗೆ ಹಾಕುವಷ್ಟು ದೊಡ್ಡದು ಮಾಡಬೇಕು. ಆ ಕಸುಬು ಕಲಿಸಿದ ಕಣ್ಣಿನಿಂದಲೇ ನಾನು ಈ ಡಿಸ್ಕನ್ನು ನೋಡಿದ್ದು.

ಚಿತ್ರದ ಕಥೆ ಬಹಳ ಮಂದಿಗೆ ಗೊತ್ತು. ರೋಮಿಗೆ ಭೇಟಿ ಕೊಟ್ಟ ರಾಜಕುಮಾರಿ ಒಬ್ಬಳು ಬಿಗುವಿನ ಬದುಕು ಸಾಕಾಗಿ ರಾತ್ರಿ ತಪ್ಪಿಸಿಕೊಳ್ಳುತ್ತಾಳೆ, ಅಮೆರಿಕದ ಪತ್ರಕರ್ತನ ಕೈಗೆ ಸಿಗುತ್ತಾಳೆ, ಒಂದು ದಿನ ಊರು ಸುತ್ತುತ್ತಾರೆ. ಅವನಿಗೆ ಅವಳು ಯಾರೆಂದು ಗೊತ್ತು, ಅವನಿಗೆ ಗೊತ್ತಿದೆ ಎಂದು ಅವಳಿಗೆ ಗೊತ್ತಿಲ್ಲ. 1953ರ ಚಿತ್ರ, 118 ನಿಮಿಷ, ನಿರ್ದೇಶಕ ವಿಲಿಯಂ ವೈಲರ್. ಗ್ರೆಗೊರಿ ಪೆಕ್ ಆಗಲೇ ದೊಡ್ಡ ಸ್ಟಾರ್. ಆಡ್ರೆ ಹೆಪ್‌ಬರ್ನ್‌ಗೆ ಇದು ಹಾಲಿವುಡ್ಡಿನ ಮೊದಲ ದೊಡ್ಡ ಪಾತ್ರ. ಅದಕ್ಕೇ ಅವಳಿಗೆ ಆಸ್ಕರ್ ಬಂತು. ಇಡೀ ಚಿತ್ರವನ್ನು ರೋಮಿನಲ್ಲೇ ತೆಗೆದು, ಅಲ್ಲೇ ರೆಕಾರ್ಡ್ ಮಾಡಿದ್ದೇವೆ ಅಂತ ಶುರುವಿನ ಟೈಟಲ್ಲಿನಲ್ಲೇ ಜಂಬದಿಂದ ಹೇಳಿಕೊಳ್ಳುತ್ತಾರೆ.

ಆ ಜಂಬಕ್ಕೆ ತೆತ್ತ ಬೆಲೆಯೇ ಈ ರಿಪೇರಿಯ ಕಥೆ. ಫಿಲ್ಮ್ ಡೆವಲಪ್ ಆದದ್ದೂ ಇಟಲಿಯ ಲ್ಯಾಬಿನಲ್ಲೇ. ಕ್ಯಾಮೆರಾದಲ್ಲಿ ಓಡಿದ ಮೂಲ ನೆಗೆಟಿವ್ ಗೀರು ಬಿದ್ದು ಕೆಟ್ಟುಹೋಗಿತ್ತು. 2020ರಲ್ಲಿ ಇದೇ ಕಂಪನಿ ಬ್ಲೂ-ರೇ (ಡಿವಿಡಿಗೂ 4ಕೆಗೂ ನಡುವಿನ ದರ್ಜೆಯ ಡಿಸ್ಕು) ತರುವಾಗ ಉಳಿದಿದ್ದ ಎಲ್ಲ ಫಿಲ್ಮುಗಳನ್ನೂ ತೆಗೆದು ನೋಡಿ, ಕಡೆಗೆ ಡ್ಯೂಪ್ ನೆಗೆಟಿವ್ ಮತ್ತು ಫೈನ್ ಗ್ರೇನ್ ಪಾಸಿಟಿವ್ ಇಟ್ಟುಕೊಂಡು ಕೆಲಸ ಮಾಡಿದರು. ಈ ಹೆಸರುಗಳಿಗೆ ಹೆದರಬೇಡಿ. ಮೂಲ ನೆಗೆಟಿವ್‌ನಿಂದ ಮೊದಲು ನುಣುಪಾದ ಒಂದು ಪಾಸಿಟಿವ್ ತೆಗೆಯುತ್ತಾರೆ, ಅದು ಫೈನ್ ಗ್ರೇನ್. ಅದರಿಂದ ಮತ್ತೊಂದು ನೆಗೆಟಿವ್, ಅದು ಡ್ಯೂಪ್. ಟಾಕೀಸಿಗೆ ಹೋಗುವ ಪ್ರಿಂಟುಗಳನ್ನು ಡ್ಯೂಪಿನಿಂದ ಹಾಕಿದರೆ ಮೂಲಕ್ಕೆ ಸವೆತ ಇಲ್ಲ. ನಮ್ಮಲ್ಲಿ ನೆಗೆಟಿವ್ ಕಳೆದುಹೋದವರು ಪ್ರಿಂಟ್ ತಂದುಕೊಟ್ಟರೆ ಅದನ್ನೇ ಮತ್ತೆ ಕ್ಯಾಮೆರಾ ಕೆಳಗಿಟ್ಟು ಕಾಪಿ ತೆಗೆಯುತ್ತಿದ್ದೆವಲ್ಲ, ಅದೇ ಲೆಕ್ಕ. ಫೋಟೋದ ಫೋಟೋ ತೆಗೆದಾಗ ಏನಾಗುತ್ತದೆ ಅಂತ ಸ್ಟುಡಿಯೋದವರಿಗೆ ಹೇಳಿಕೊಡಬೇಕಾಗಿಲ್ಲ. ಬಿಳಿ ಇನ್ನೂ ಬಿಳಿಯಾಗುತ್ತದೆ, ಕಪ್ಪು ಮುದ್ದೆಯಾಗುತ್ತದೆ, ನಡುವಿನ ಬೂದು ಬಣ್ಣಗಳೆಲ್ಲ ಸೋರಿಹೋಗುತ್ತವೆ, ಕಾಳು ದಪ್ಪಗಾಗುತ್ತದೆ. ಗ್ರೇನ್ ಅನ್ನುವುದನ್ನು ನಾವು ಕಾಳು ಅಂತಲೇ ಕರೆಯುತ್ತಿದ್ದೆವು.

ಅಂದರೆ ಅವರ ಕೈಯಲ್ಲಿದ್ದದ್ದು ಮೊದಲೇ ಒಂದೆರಡು ಮೆಟ್ಟಿಲು ಇಳಿದಿದ್ದ ಸಾಮಾನು. ಅದರಿಂದ ಇಷ್ಟು ತೆಗೆದಿದ್ದಾರಲ್ಲ ಅಂತ ನನಗೆ ಬೆರಗು.

ಲೆಕ್ಕ ಹಾಕಿ ನೋಡಿ. ಸೆಕೆಂಡಿಗೆ 24 ಚೌಕಟ್ಟು, 118 ನಿಮಿಷ: ಸುಮಾರು 1 ಲಕ್ಷ 70 ಸಾವಿರ ಚಿತ್ರಗಳು. ಪ್ರತಿಯೊಂದರಲ್ಲೂ ಧೂಳು, ಕೂದಲು, ಗೀರು, ಅಂಟು. ನಾನು ದಿನಕ್ಕೆ ನಾಲ್ಕು ಮುಖ ಟಚ್ ಮಾಡಿದರೆ ಸಂಜೆಗೆ ಕಣ್ಣು ಉರಿಯುತ್ತಿತ್ತು. ಈಗ ಕಂಪ್ಯೂಟರ್ ಸಹಾಯಕ್ಕಿದೆ, ನಿಜ. ಹಿಂದಿನ ಮುಂದಿನ ಚೌಕಟ್ಟಿನಲ್ಲಿ ಇಲ್ಲದ ಚುಕ್ಕಿ ನಡುವಿನದರಲ್ಲಿ ಮಾತ್ರ ಕಂಡರೆ ಅದು ಧೂಳು ಅಂತ ಅದು ಹಿಡಿದುಬಿಡುತ್ತದೆ. ಆದರೆ ಕಾರಂಜಿಯ ನೀರಿನ ಹನಿ, ಹಾರಿಹೋದ ಪಾರಿವಾಳ, ಸಿಗರೇಟಿನ ಬೂದಿ ಕೂಡ ಒಂದೇ ಚೌಕಟ್ಟಿನಲ್ಲಿ ಮಿಂಚಿ ಮಾಯವಾಗುತ್ತವೆ. ಯಂತ್ರ ಅವನ್ನೂ ಧೂಳೆಂದು ಗುಡಿಸಿಬಿಡಬಹುದು. ಅದಕ್ಕೇ ಕಣ್ಣಿರುವ ಮನುಷ್ಯ ಒಬ್ಬ ಕೂತು ನೋಡಬೇಕು. ಈ ಡಿಸ್ಕಿನಲ್ಲಿ ಟ್ರೇವಿ ಕಾರಂಜಿಯ ನೀರು ನೀರಾಗಿಯೇ ಉಳಿದಿದೆ. ನಾನು ಅದನ್ನೇ ಮೊದಲು ನೋಡಿದೆ.

ಗೀರಿನ ವಿಷಯಕ್ಕೆ ಬಂದರೆ ಒಂದು ತಮಾಷೆ ಇದೆ. ಫಿಲ್ಮಿನ ಬೆನ್ನಿನ ಮೇಲೆ, ಅಂದರೆ ಬರೀ ಪ್ಲಾಸ್ಟಿಕ್ ಇರುವ ಕಡೆ ಗೀರು ಬಿದ್ದರೆ ಚಿತ್ರಕ್ಕೆ ನಿಜವಾಗಿ ಏನೂ ಆಗಿರುವುದಿಲ್ಲ. ಬೆಳಕು ಆ ಸಂದಿನಲ್ಲಿ ಚದುರಿ ಗೆರೆಯಾಗಿ ಕಾಣುತ್ತದೆ ಅಷ್ಟೆ. ನಮ್ಮ ಮಾವನವರು ಎನ್‌ಲಾರ್ಜರಿಗೆ ಅಂಥ ನೆಗೆಟಿವ್ ಹಾಕುವ ಮುಂಚೆ ಮೂಗಿನ ಪಕ್ಕದ ಜಿಡ್ಡನ್ನು ಬೆರಳಿಗೆ ಹಚ್ಚಿಕೊಂಡು ಗೀರಿನ ಮೇಲೆ ಸವರುತ್ತಿದ್ದರು. ಗೀರು ತುಂಬಿಕೊಂಡು ಪ್ರಿಂಟಿನಲ್ಲಿ ಮಾಯ! ಮದುಮಗಳ ಮನೆಯವರಿಗೆ ಇದು ಗೊತ್ತಾದರೆ ಏನೆಂದುಕೊಳ್ಳುತ್ತಾರೋ ಅಂತ ನನಗೆ ನಗು. ದೊಡ್ಡ ಲ್ಯಾಬುಗಳಲ್ಲಿ ಇದನ್ನೇ ವೆಟ್ ಗೇಟ್ ಅನ್ನುತ್ತಾರೆ. ಫಿಲ್ಮಿನಷ್ಟೇ ಬೆಳಕು ಬಗ್ಗಿಸುವ ಒಂದು ದ್ರವದೊಳಗೆ ಫಿಲ್ಮನ್ನು ಓಡಿಸಿ ಸ್ಕ್ಯಾನ್ ಮಾಡುತ್ತಾರೆ, ಬೆನ್ನಿನ ಗೀರುಗಳು ತುಂಬಿಕೊಳ್ಳುತ್ತವೆ. ಗೀರು ಮುಂದಿನ ಕಡೆ, ಬೆಳ್ಳಿಯ ಪದರಕ್ಕೇ ಬಿದ್ದಿದ್ದರೆ ಮಾತ್ರ ಮೂಗಿನ ಜಿಡ್ಡೂ ಇಲ್ಲ, ಯಾವ ದ್ರವವೂ ಇಲ್ಲ. ಅಲ್ಲಿ ಚಿತ್ರವೇ ಕಿತ್ತುಹೋಗಿರುತ್ತದೆ, ಪಕ್ಕದ ಚೌಕಟ್ಟಿನಿಂದ ಕಡ ತಂದು ತೇಪೆ ಹಾಕಬೇಕು.

ಇನ್ನು ಪರದೆಯ ಮೇಲೆ ಏನು ಕಂಡಿತು ಅನ್ನೋದು.

ಶುರುವಿನಲ್ಲಿ ರಾಜಕುಮಾರಿಯ ಪ್ರವಾಸವನ್ನು ಸುದ್ದಿಚಿತ್ರದ ಥರ ತೋರಿಸುತ್ತಾರೆ. ಅಲ್ಲಿ ಕಾಳು ಒರಟು, ಬಿಳಿ ಚುರುಕು. ಅದು ಹಾಗೇ ಇರಬೇಕು, ಹಾಗೇ ಬಿಟ್ಟಿದ್ದಾರೆ. ಆಮೇಲೆ ಅರಮನೆಯ ಸ್ವಾಗತ ಸಮಾರಂಭ. ನಿಂತು ನಿಂತು ಕಾಲು ನೊಂದ ರಾಜಕುಮಾರಿ ಗೌನಿನ ಕೆಳಗೆ ಮೆಲ್ಲಗೆ ಚಪ್ಪಲಿ ಕಳಚುವ ದೃಶ್ಯ ಇದೆಯಲ್ಲ, ಅಲ್ಲಿ ನಾನು ಹಿಂದೆ ಟಿವಿಯಲ್ಲಿ ನೋಡಿದಾಗ ಗೌನು ಬರೀ ಬಿಳಿ ಗುಡ್ಡೆಯಾಗಿತ್ತು. ಈಗ ಬಟ್ಟೆಯ ನೇಯ್ಗೆ, ಅದರ ಮೇಲಿನ ಕಸೂತಿ, ಮಡಿಕೆಯ ಒಳಗಿನ ನೆರಳು ಬೇರೆ ಬೇರೆಯಾಗಿ ಕಾಣುತ್ತವೆ. ಈಡಿತ್ ಹೆಡ್‌ಗೆ ಈ ಚಿತ್ರದ ಉಡುಪಿಗೆ ಆಸ್ಕರ್ ಯಾಕೆ ಕೊಟ್ಟರು ಅಂತ ನನಗೆ ಈಗ ಗೊತ್ತಾಯಿತು.

ಕ್ಷೌರದ ಅಂಗಡಿಯ ದೃಶ್ಯಕ್ಕೆ ನಾನು ಪಾಜ್ ಒತ್ತಿದೆ. ಉದ್ದ ಜಡೆ ಕತ್ತರಿಸಿ ಗಿಡ್ಡ ಮಾಡುತ್ತಾರೆ, ಕುತ್ತಿಗೆಯ ಹಿಂದೆ ಒಂದೆರಡು ಮೊಂಡು ಕೂದಲು ಎದ್ದು ನಿಂತಿವೆ. ಸಾಮಾನ್ಯವಾಗಿ ಕೆಟ್ಟ ರಿಪೇರಿಯಲ್ಲಿ ಮೊದಲು ಬಲಿಯಾಗುವುದು ಇಂಥವೇ. ಕಂಪ್ಯೂಟರಿಗೆ ಬಿಡಿ ಕೂದಲಿಗೂ ಗೀರಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಇಲ್ಲಿ ಕೂದಲು ಕೂದಲಾಗಿದೆ, ಗೀರು ಹೋಗಿದೆ.

ಕೊನೆಯ ಪತ್ರಿಕಾಗೋಷ್ಠಿಯ ಬಗ್ಗೆ ಎಷ್ಟು ಹೇಳಿದರೂ ಕಡಿಮೆಯೇ. ರಾಜಕುಮಾರಿಯ ಮುಖ ಪರದೆ ತುಂಬ ಬರುತ್ತದೆ. ಕಣ್ಣು ತುಂಬಿದೆ, ಆದರೆ ಹರಿಯಬಾರದು, ಎದುರಿಗೆ ದೇಶ ದೇಶದ ಪತ್ರಕರ್ತರಿದ್ದಾರೆ. ಕಣ್ಣಿನ ಕೆಳಗಿನ ತೆಳು ಚರ್ಮ, ಅಲ್ಲಿನ ನಸು ನೆರಳು, ಮೇಲ್ದುಟಿಯ ಪಕ್ಕದ ಸಣ್ಣ ಅಲುಗಾಟ, ಎಲ್ಲ ಇದೆ. ಕೆನ್ನೆಯ ಮೇಲೆ ಕಾಳು ಓಡಾಡುತ್ತಿದೆ, ಹೀಗಾಗಿ ಆ ಮುಖ ಉಸಿರಾಡುತ್ತಿದೆ ಅನ್ನಿಸುತ್ತದೆ. ಕಾಳು ಒರೆಸಿದ ಹಳೇ ಚಿತ್ರಗಳನ್ನು ನಾನು ನೋಡಿದ್ದೇನೆ. ನಾಯಕಿಯರ ಕೆನ್ನೆ ಮೇಣದ ಹಾಗೆ ಹೊಳೆಯುತ್ತದೆ, ತುಟಿ ಮಾತ್ರ ಅಲುಗುತ್ತದೆ, ಜಾತ್ರೆಯ ಗೊಂಬೆ ಮಾತಾಡಿದ ಹಾಗೆ. ನಮ್ಮ ಮಾವನವರು ಇದ್ದಿದ್ದರೆ ಆ ಡಿಸ್ಕನ್ನು ಬ್ರಾಡ್‌ವೇದ ಗಟಾರಕ್ಕೆ ಎಸೆಯುತ್ತಿದ್ದರು.

ಗ್ರೆಗೊರಿ ಪೆಕ್‌ನ ಕೋಟಿನ ನೇಯ್ಗೆಯೂ ಹಾಗೇ, ಎಣಿಸಬಹುದು. ಆದರೆ ನನಗೆ ಹೆಚ್ಚು ಖುಷಿ ಕೊಟ್ಟದ್ದು ಅವನ ಗೆಳೆಯ ಫೋಟೋಗ್ರಾಫರ್ ಇರ್ವಿಂಗ್. ಸಿಗರೇಟ್ ಲೈಟರಿನಲ್ಲಿ ಅಡಗಿಸಿದ ಕ್ಯಾಮೆರಾದಿಂದ ರಾಜಕುಮಾರಿಯ ಫೋಟೋ ಕದ್ದು ತೆಗೆಯುತ್ತಾನಲ್ಲ, ಆ ಲೈಟರಿನ ಅಂಚು, ಲೆನ್ಸಿನ ತೂತು ಈಗ ಚೊಕ್ಕ ಕಾಣುತ್ತದೆ. ಆಮೇಲೆ ಅವನು ಎನ್‌ಲಾರ್ಜ್ ಮಾಡಿದ ಫೋಟೋಗಳನ್ನು ಹರಡುತ್ತಾನೆ. ಅಷ್ಟು ಸಣ್ಣ ನೆಗೆಟಿವ್‌ನಿಂದ ಅಷ್ಟು ದೊಡ್ಡ, ಅಷ್ಟು ಶಾರ್ಪ್ ಪ್ರಿಂಟು! ಸಿನಿಮಾದವರ ಸುಳ್ಳು ಅಂತ ಕಸುಬಿನವರಿಗೆ ಗೊತ್ತಾಗಿಯೇ ಆಗುತ್ತದೆ, ಡಿಸ್ಕ್ ಚೊಕ್ಕ ಆದಷ್ಟೂ ಸುಳ್ಳೂ ಚೊಕ್ಕ ಕಾಣುತ್ತದೆ. ಕ್ಷಮಿಸಬಹುದು.

ಸತ್ಯದ ಬಾಯಿ ಅನ್ನುವ ಕಲ್ಲಿನ ಮುಖದೊಳಗೆ ಪೆಕ್ ಕೈ ಹಾಕಿ, ಕೈ ತುಂಡಾದ ಹಾಗೆ ತೋಳಿನೊಳಗೆ ಅಡಗಿಸಿಕೊಳ್ಳುವ ದೃಶ್ಯ ಎಲ್ಲರಿಗೂ ನೆನಪಿರುತ್ತದೆ. ಅವನು ಹಾಗೆ ಮಾಡುತ್ತಾನೆ ಅಂತ ಹೆಪ್‌ಬರ್ನ್‌ಗೆ ಮೊದಲೇ ಹೇಳಿರಲಿಲ್ಲವಂತೆ, ಆ ಚೀರಾಟ ನಿಜದ್ದು. ಇಲ್ಲಿ ಆ ಕಲ್ಲಿನ ಒರಟು ಮೈ ಕೈಗೆ ಸಿಗುವ ಹಾಗಿದೆ.

ತಕರಾರುಗಳೂ ಇವೆ. ಒಂದು ದೃಶ್ಯ ಕರಗಿ ಇನ್ನೊಂದು ಮೂಡುವ ಕಡೆಗಳಲ್ಲೆಲ್ಲ ಚಿತ್ರ ಇದ್ದಕ್ಕಿದ್ದ ಹಾಗೆ ಮಂಜಾಗುತ್ತದೆ, ಕಾಳು ದಪ್ಪವಾಗುತ್ತದೆ. ಇದು ರಿಪೇರಿಯವರ ತಪ್ಪಲ್ಲ. ಆಗಿನ ಕಾಲಕ್ಕೆ ಕರಗುವ ಆಟವನ್ನು ಆಪ್ಟಿಕಲ್ ಪ್ರಿಂಟರಿನಲ್ಲಿ ಎರಡು ಫಿಲ್ಮು ಕೂಡಿಸಿ ಮತ್ತೊಮ್ಮೆ ತೆಗೆಯುತ್ತಿದ್ದರು. ಅಲ್ಲಿ ಇನ್ನೊಂದು ಮೆಟ್ಟಿಲು ಇಳಿದಂತೆಯೇ. ಗೊತ್ತಿಲ್ಲದವರಿಗೆ ಮಾತ್ರ ಕಣ್ಣಿಗೆ ಚುಚ್ಚುತ್ತದೆ. ಎರಡನೆಯದು, ಕೆಲವು ಹೊರಾಂಗಣ ದೃಶ್ಯಗಳಲ್ಲಿ ಕಪ್ಪು ಇನ್ನೂ ಗಟ್ಟಿ. ಸ್ಪ್ಯಾನಿಷ್ ಮೆಟ್ಟಿಲುಗಳ ಮೇಲೆ ಐಸ್‌ಕ್ರೀಮ್ ತಿನ್ನುವಾಗ ಬಿಸಿಲು ಬಿಳಿಚಿಕೊಂಡಿದೆ, ನೆರಳಿನೊಳಗೆ ಕಣ್ಣು ಇಳಿಯುವುದಿಲ್ಲ. ಮೂಲ ನೆಗೆಟಿವ್ ಇದ್ದಿದ್ದರೆ ಅಲ್ಲಿ ಇನ್ನಷ್ಟು ಸಿಗುತ್ತಿತ್ತು ಅನ್ನಿಸುತ್ತದೆ. ಮೂರನೆಯದು ನನ್ನ ಸ್ವಂತ ಸಿಡುಕು: ರಾತ್ರಿ ದೋಣಿಯ ಮೇಲಿನ ಕುಣಿತದಲ್ಲಿ ದೀಪದ ಸಾಲುಗಳು ಬೇಕಿದ್ದಕ್ಕಿಂತ ಹೆಚ್ಚು ಪ್ರಕಾಶ. ಕಪ್ಪು-ಬಿಳುಪು ಚಿತ್ರಕ್ಕೆ ಇಷ್ಟು ಮಿಂಚು ಯಾಕೆ?

ಧ್ವನಿ ಮೂಲದಲ್ಲೇ ಮೋನೋ, ಅಂದರೆ ಒಂದೇ ಚಾನೆಲ್ಲಿನದು, ಸರಳ. ಮಾತು ಸ್ಪಷ್ಟ. ಇಂಗ್ಲಿಷ್ ಅಕ್ಷರ ಕೆಳಗೆ ಬರುವಂತೆ ಹಾಕಿಕೊಂಡರೆ ನನ್ನಂಥವರಿಗೆ ಸಲೀಸು. ಕನ್ನಡದ ಸಬ್‌ಟೈಟಲ್ ಇಲ್ಲ, ನಿರೀಕ್ಷಿಸಿರಲೂ ಇಲ್ಲ.

ಇದಕ್ಕೂ ಮೊದಲು, 2002ರಲ್ಲಿ, ಇದೇ ಚಿತ್ರವನ್ನು ಡಿವಿಡಿಗಾಗಿ ಒಮ್ಮೆ ರಿಪೇರಿ ಮಾಡಿದ್ದರು. ಅದೂ ನನ್ನ ಹತ್ತಿರ ಇದೆ. ಆ ಕಾಲಕ್ಕೆ ಅದು ದೊಡ್ಡ ಕೆಲಸವೇ. ಆದರೆ ಡಿವಿಡಿ ಅಂದರೆ ಅಮೆರಿಕದ ಲೆಕ್ಕದಲ್ಲಿ 480 ಸಾಲು, ಈ ಡಿಸ್ಕು 2160 ಸಾಲು. ಎರಡನ್ನೂ ಒಂದರ ಹಿಂದೆ ಒಂದು ಹಾಕಿದರೆ ಡಿವಿಡಿಯಲ್ಲಿ ಮುಖ ಗುರುತು ಸಿಗುತ್ತದೆ, ಇದರಲ್ಲಿ ಮುಖ ಸಿಗುತ್ತದೆ.

ಆ ಡಿವಿಡಿ ಒಂದು ದೊಡ್ಡ ಕೆಲಸ ಮಾಡಿತ್ತು, ಅದನ್ನು ಹೇಳದಿದ್ದರೆ ಪಾಪ ಬರುತ್ತದೆ. ಈ ಕಥೆ ಬರೆದವನು ಡಾಲ್ಟನ್ ಟ್ರಂಬೋ. ಕಮ್ಯುನಿಸ್ಟ್ ಅಂತ ಹಾಲಿವುಡ್ಡಿನ ಕಪ್ಪುಪಟ್ಟಿಗೆ ಸೇರಿದ್ದವನು. ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಉತ್ತರಿಸದಿದ್ದಕ್ಕೆ ಜೈಲಿಗೂ ಹೋಗಿದ್ದ. ಅವನ ಹೆಸರು ಹಾಕುವಂತಿರಲಿಲ್ಲ, ಹೀಗಾಗಿ ಅವನ ಗೆಳೆಯ ಇಯಾನ್ ಮೆಕ್ಲೆಲನ್ ಹಂಟರ್ ತನ್ನ ಹೆಸರು ಕೊಟ್ಟ. ಕಥೆಗೆ ಬಂದ ಆಸ್ಕರ್ ಕೂಡ ಹಂಟರ್ ಹೆಸರಿಗೇ ಬಂತು. ಟ್ರಂಬೋ 1976ರಲ್ಲಿ ತೀರಿಕೊಂಡ. 1993ರಲ್ಲಿ ಆ ಆಸ್ಕರನ್ನು ಅವನ ಹೆಸರಿಗೆ ಕೊಟ್ಟರು, ಹೆಂಡತಿ ಕ್ಲಿಯೋ ಇಸಿದುಕೊಂಡಳು. ಡಿವಿಡಿಗಾಗಿ ರಿಪೇರಿ ಮಾಡಿದಾಗ ಟೈಟಲ್ಲಿನಲ್ಲೂ ಅವನ ಹೆಸರು ಸೇರಿಸಿದರು. 2011ರಲ್ಲಿ ಅಮೆರಿಕದ ಲೇಖಕರ ಸಂಘ ಚಿತ್ರಕಥೆಯ ಶ್ರೇಯವನ್ನೂ ಅವನಿಗೆ ಮರಳಿಸಿತು. ಮೂಲದಲ್ಲಿ ಇಲ್ಲದ್ದನ್ನು ಸೇರಿಸಬಾರದು ಅಂತ ವಾದಿಸುವ ಶುದ್ಧಾಚಾರದವರು ಇದ್ದಾರೆ. ಆ ಟೈಟಲ್ಲೇ ಸುಳ್ಳು ಹೇಳುತ್ತಿತ್ತಲ್ಲ! ಈ ಒಂದು ಟಚಿಂಗಿಗೆ ನನ್ನ ಪೂರ್ಣ ಸಮ್ಮತಿ. ಡಿಸ್ಕಿನ ಜೊತೆ ಕೊಟ್ಟಿರುವ ಸಣ್ಣ ಚಿತ್ರಗಳಲ್ಲಿ ಟ್ರಂಬೋ ಕುರಿತದ್ದೊಂದನ್ನು ತಪ್ಪದೆ ನೋಡಿ. ಉಳಿದವು ಹೊಗಳಿಕೆಯ ಕಂತುಗಳು.

ಎದುರು ಮನೆಯ ಗೆಳತಿ ಜೊತೆಗೆ ಕೂತು ನೋಡಿದಳು. ಅರ್ಧದಲ್ಲಿ ಕೇಳಿದಳು: ‘ಅಲ್ಲವಾ, ಇಷ್ಟೆಲ್ಲಾ ಖರ್ಚ ಮಾಡ್ಯಾರ, ಹಂಗ ಕಲರ್ ಮಾಡಿಬಿಟ್ಟಿದ್ರ ಏನಾಗ್ತಿತ್ತು?’ ಆಕೆಯನ್ನು ಬೈಯಲು ಮನಸ್ಸಾಗಲಿಲ್ಲ. ನಮ್ಮಲ್ಲಿ ಹಳೇ ಚಿತ್ರದ ರಿಪೇರಿ ಅಂದರೆ ಬಣ್ಣ ಬಳಿಯುವುದು ಅಂತಲೇ ಜನ ತಿಳಿದಿದ್ದಾರೆ. ‘ಸತ್ಯ ಹರಿಶ್ಚಂದ್ರ’ 2008ರಲ್ಲಿ ಬಣ್ಣದಲ್ಲಿ ಬಂತು, ‘ಕಸ್ತೂರಿ ನಿವಾಸ’ 2014ರಲ್ಲಿ. ಮಂದಿ ಶಿಳ್ಳೆ ಹೊಡೆದು ನೋಡಿದರು, ಡಾ. ರಾಜ್‌ಕುಮಾರ್ ಅವರನ್ನು ಮತ್ತೆ ದೊಡ್ಡ ಪರದೆಯಲ್ಲಿ ನೋಡಿದ ಖುಷಿ ನನಗೂ ಆಗಿತ್ತು. ಆದರೆ ಬಣ್ಣ ಹಾಕುವುದು ಬೇರೆ, ರಿಪೇರಿ ಬೇರೆ. ನಾವೂ ಸ್ಟುಡಿಯೋದಲ್ಲಿ ಕಪ್ಪು-ಬಿಳುಪು ಪ್ರಿಂಟಿಗೆ ನೀರಿನ ಬಣ್ಣ ಹಚ್ಚಿ ಕೊಡುತ್ತಿದ್ದೆವು: ಗುಲಾಬಿ ಕೆನ್ನೆ, ಹಸಿರು ಸೀರೆ, ಹಳದಿ ಬಂಗಾರ. ಹಚ್ಚುವುದು ಪ್ರಿಂಟಿಗೆ ಮಾತ್ರ. ನೆಗೆಟಿವ್ ಮಾತ್ರ ಲಕೋಟೆಯಲ್ಲಿ ಹಾಗೇ ಇರುತ್ತಿತ್ತು.

ಖರೇ ರಿಪೇರಿ ನಮ್ಮ ಭಾಷೆಗೂ ಬಂದಿದೆ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’, 1977ರದು, ಫಿಲ್ಮ್ ಹೆರಿಟೇಜ್ ಫೌಂಡೇಶನ್ನಿನವರು ಹೊರಗಿನ ಸಂಸ್ಥೆಗಳ ಜೊತೆ ಕೂಡಿ ಇಟಲಿಯ ಬೊಲೋನ್ಯಾದ ಲ್ಯಾಬಿನಲ್ಲಿ ರಿಪೇರಿ ಮಾಡಿಸಿದರು. 2024ರ ವೆನಿಸ್ ಚಿತ್ರೋತ್ಸವದಲ್ಲಿ ಅದು ತೆರೆ ಕಂಡಿತು. ಅಮೆರಿಕದ ಚಿತ್ರದ ನೆಗೆಟಿವ್ ಇಟಲಿಯಲ್ಲಿ ಹಾಳಾಯಿತು, ಕನ್ನಡದ ಚಿತ್ರ ಇಟಲಿಯಲ್ಲಿ ಸುಧಾರಿಸಿತು. ಆದರೆ ಅದು ಪುಣೆಯ ಸಂಗ್ರಹಾಲಯದಲ್ಲಿ ನೆಗೆಟಿವ್ ಉಳಿದಿದ್ದರಿಂದ ಆದದ್ದು. 1934ರ ‘ಸತಿ ಸುಲೋಚನ’, ಕನ್ನಡದ ಮೊದಲ ಮಾತಿನ ಚಿತ್ರ, ಅದರ ಪ್ರತಿಯೇ ಇಲ್ಲ. ಗೀರಾದರೂ ಬಿದ್ದ ಒಂದು ಡ್ಯೂಪ್ ಎಲ್ಲಾದರೂ ಇದ್ದಿದ್ದರೆ ಅಂತ ಅನ್ನಿಸುತ್ತದೆ. ನಮ್ಮ ಸೆಕೆ, ನಮ್ಮ ಮಳೆಗಾಲ ಫಿಲ್ಮಿಗೆ ಶತ್ರು. ಡಬ್ಬಿ ತೆಗೆದಾಗ ವಿನೆಗರ್ ವಾಸನೆ ಬಂತೆಂದರೆ ಫಿಲ್ಮು ಒಳಗೊಳಗೇ ಕೊಳೆಯುತ್ತಿದೆ ಅಂತ ಅರ್ಥ. ನಿಮ್ಮ ಅಟ್ಟದ ಮೇಲೆ ಹಳೇ ಫಿಲ್ಮ್ ಡಬ್ಬಿ, ನೆಗೆಟಿವ್ ಇದ್ದರೆ ಇವತ್ತೇ ತೆಗೆದು ಮೂಸಿ ನೋಡಿ.

ಮತ್ತೆ ಡಿಸ್ಕಿಗೆ. ಇದನ್ನು ನೋಡುವ ಮೊದಲು ಟಿವಿಯ ಕಿವಿ ಹಿಂಡಬೇಕು. ಹೊಸ ಟಿವಿಗಳು ಅಂಗಡಿಯಿಂದ ಬರುವಾಗಲೇ ಚಿತ್ರವನ್ನು ತಮ್ಮಷ್ಟಕ್ಕೆ ಟಚ್ ಮಾಡುವ ಚಟ ಹಚ್ಚಿಕೊಂಡು ಬರುತ್ತವೆ. ಮೋಷನ್ ಸ್ಮೂಥಿಂಗ್, ನಾಯ್ಸ್ ರಿಡಕ್ಷನ್ ಎರಡನ್ನೂ ಆಫ್ ಮಾಡಿ, ಶಾರ್ಪ್‌ನೆಸ್ ಇಳಿಸಿ, ವಿವಿಡ್ ಮೋಡ್ ಬಿಡಿ. ಫಿಲ್ಮ್‌ಮೇಕರ್ ಮೋಡ್ ಅಂತ ಇದ್ದರೆ ಅದನ್ನು ಹಾಕಿ. ಇಲ್ಲದಿದ್ದರೆ ಲಕ್ಷಾಂತರ ಚೌಕಟ್ಟುಗಳಲ್ಲಿ ಅವರು ಜೋಪಾನವಾಗಿ ಉಳಿಸಿದ ಕಾಳನ್ನು ನಿಮ್ಮ ಟಿವಿ ಒಂದೇ ಏಟಿಗೆ ಒರೆಸಿಹಾಕುತ್ತದೆ. ನಮ್ಮ ಮೊಮ್ಮಗ ಬಂದವನೇ ‘ಅಜ್ಜಿ, ಎರಡೂ ಕಡೆ ಕರೇ ಪಟ್ಟಿ ಬರಾಕತ್ತೇತಿ, ಹಿಗ್ಗಿಸ್ಲೇನು?’ ಅಂದ. ಆ ಕಾಲದ ಚಿತ್ರ ಹೆಚ್ಚುಕಡಿಮೆ ಚೌಕ, ಈಗಿನ ಟಿವಿ ಅಗಲ. ಪಕ್ಕದಲ್ಲಿ ಕಪ್ಪು ಬಂದೇ ಬರುತ್ತದೆ. ಹಿಗ್ಗಿಸಿದರೆ ಆಡ್ರೆ ಹೆಪ್‌ಬರ್ನ್ ಕೂಡ ದುಂಡಗಾಗುತ್ತಾಳೆ. ಮುಟ್ಟಬೇಡ ಅಂದೆ.

ಕೊಳ್ಳುವವರಿಗೆ ನಾಲ್ಕು ಮಾತು. ಬ್ಲೂ-ರೇ ಡಿಸ್ಕುಗಳಿಗೆ ರೀಜನ್ ಕಟ್ಟುಪಾಡು ಇದೆ. ಅಮೆರಿಕದ್ದು ಎ, ನಮ್ಮದು ಸಿ. ಅಲ್ಲಿಯ ಡಿಸ್ಕು ಇಲ್ಲಿಯ ಪ್ಲೇಯರಿನಲ್ಲಿ ಓಡದೆ ಹೋಗಬಹುದು. 4ಕೆ ಡಿಸ್ಕಿಗೆ ಆ ತಂಟೆ ಇಲ್ಲ, ಎಲ್ಲಿಯದಾದರೂ ಓಡುತ್ತದೆ. ನಾನು ಇದನ್ನೇ ಆರಿಸಿಕೊಳ್ಳಲು ಅರ್ಧ ಕಾರಣ ಅದು. 4ಕೆ ಪ್ಲೇಯರ್ ನಮ್ಮ ಕೊಪ್ಪಿಕರ್ ರೋಡಿನ ಅಂಗಡಿಗಳಲ್ಲಿ ಕೇಳಿದರೆ ನಮ್ಮ ಮುಖವನ್ನೇ ನೋಡುತ್ತಾರೆ. ಆದರೆ ಮನೆಯಲ್ಲಿ ಡಿಸ್ಕ್ ಹಾಕುವ ಪ್ಲೇಸ್ಟೇಷನ್ 5 ಇದ್ದರೆ ಸಾಕು, ಅದರಲ್ಲಿ 4ಕೆ ಡಿಸ್ಕ್ ಓಡುತ್ತದೆ. ಮೊಮ್ಮಗನ ಆಟದ ಪೆಟ್ಟಿಗೆ ಹೀಗೆ ನನ್ನ ಕೆಲಸಕ್ಕೂ ಬಂತು. ದೃಶ್ಯ ದೃಶ್ಯಕ್ಕೂ ಬೆಳಕು-ಕತ್ತಲೆ ಹೊಂದಿಸುವ ಡಾಲ್ಬಿ ವಿಷನ್ ಅದರಲ್ಲಿ ಬರುವುದಿಲ್ಲ, ಈ ಚಿತ್ರಕ್ಕೆ ಅದು ದೊಡ್ಡ ನಷ್ಟವೂ ಅಲ್ಲ. ಅಮೆರಿಕದಿಂದ ಅಂಚೆಯಲ್ಲಿ ತರಿಸಿದರೆ ಸಾಗಣೆ, ಕಸ್ಟಮ್ಸ್ ಸೇರಿ ಡಿಸ್ಕಿಗಿಂತ ಡಬ್ಬಿ ಭಾರ. ನನ್ನದು ತಂಗಿಯ ಮಗ ಅಲ್ಲಿಂದ ಬರುವಾಗ ಬ್ಯಾಗಿನಲ್ಲಿ ತಂದದ್ದು. ನಿಮ್ಮ ಕಡೆಯೂ ಅಂಥವರು ಯಾರಾದರೂ ಇದ್ದೇ ಇರುತ್ತಾರೆ, ಚಾಕಲೇಟಿನ ಬದಲು ಇದನ್ನು ತರಲು ಹೇಳಿ.

2020ರ ಬ್ಲೂ-ರೇ ನಿಮ್ಮ ಹತ್ತಿರ ಇದ್ದು, ಅದು ನಿಮ್ಮ ಪ್ಲೇಯರಿನಲ್ಲಿ ಓಡುತ್ತಿದ್ದರೆ, ಟಿವಿ 43 ಇಂಚಿನದಾಗಿದ್ದರೆ, ಇದಕ್ಕೆ ದುಡ್ಡು ಹಾಕಬೇಡಿ. ಅಷ್ಟು ಸಣ್ಣ ಪರದೆಯಲ್ಲಿ ವ್ಯತ್ಯಾಸ ಹುಡುಕಲು ನನ್ನ ಟಚಿಂಗ್ ಕನ್ನಡಕವೇ ಬೇಕಾಗುತ್ತದೆ. 55 ಇಂಚಿನ ಮೇಲೆ, ಕೋಣೆ ಕತ್ತಲಾಗಿಸಿಕೊಂಡು ನೋಡುವವರು ಮಾತ್ರ ತರಿಸಿಕೊಳ್ಳಿ. ಡಿವಿಡಿ ಮಾತ್ರ ಇದ್ದವರು ಯೋಚಿಸುವ ಅಗತ್ಯವೇ ಇಲ್ಲ, ತರಿಸಿಕೊಂಡುಬಿಡಿ.